ಕೆ.ವಿ. ಅಯ್ಯರ್: ಕೊಬ್ಬು ಕರಗಿಸಿ ಸ್ನಾಯು ಉಳಿಸಿಕೊಳ್ಳುವ ಪಾಠ

ವಾರಾಂತ್ಯ ಬಂದರೆ ಸಾಕು, ದೊಡ್ಡಬಳ್ಳಾಪುರದ ಆಚೆಯ ಮಾಕಳಿದುರ್ಗದ ರೈಲ್ವೆ ಹಳಿಯ ಪಕ್ಕ ಬೆಂಗಳೂರಿನ ಚಾರಣಿಗರ ಸಾಲು ಕಾಣುತ್ತದೆ. ಅವರಲ್ಲಿ ಹಲವರ ಗುರಿ ಹೊಟ್ಟೆ ಕರಗಿಸುವುದು. ಬೆಟ್ಟ ಹತ್ತಿ ಇಳಿದು, ಆಮೇಲೆ ಎರಡು ದಿನ ಬರೀ ಹಣ್ಣಿನ ರಸ ಕುಡಿದರೆ ತೂಕ ಇಳಿಯುತ್ತದೆ, ನಿಜ. ಆದರೆ ಇಳಿದದ್ದು ಏನು? ಈ ಪ್ರಶ್ನೆ ಕೇಳುವಾಗ ನಮಗೆ ಕೆ.ವಿ. ಅಯ್ಯರ್ ನೆನಪಾಗುತ್ತಾರೆ.

ಕೋಲಾರ ವೆಂಕಟೇಶ ಅಯ್ಯರ್ ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ, ಕೋಲಾರ ಸೀಮೆಯಲ್ಲಿ. ಕನ್ನಡದ ಓದುಗರಿಗೆ ಅವರು ‘ರೂಪದರ್ಶಿ’ ಮತ್ತು ‘ಶಾಂತಲಾ’ ಕಾದಂಬರಿಗಳ ಲೇಖಕರು, ಟಿ.ಪಿ. ಕೈಲಾಸಂ ಅವರ ಆಪ್ತರು. ಬೆಂಗಳೂರಿಗೆ ಮಾತ್ರ ಅವರು ಮೊದಲು ವ್ಯಾಯಾಮದ ಮೇಷ್ಟ್ರು. ಅವರ ಹರ್ಕ್ಯುಲಿಸ್ ಜಿಮ್ನೇಷಿಯಂ, ಮುಂದೆ ಜೆ.ಸಿ. ರಸ್ತೆಯ ವ್ಯಾಯಾಮಶಾಲೆ, ಹಲವು ತಲೆಮಾರುಗಳ ಯುವಕರನ್ನು ಪಳಗಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರೂ ಅಯ್ಯರ್ ಅವರಿಂದ ವ್ಯಾಯಾಮ ಕಲಿತರು. ಅಂಚೆಯ ಮೂಲಕವೂ ಅಯ್ಯರ್ ಪಾಠ ಹೇಳಿಕೊಟ್ಟರು.

1930ರಲ್ಲಿ ಅವರ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’, 1937ರಲ್ಲಿ ‘ಸೂರ್ಯ ನಮಸ್ಕಾರ್’ ಇಂಗ್ಲಿಷಿನಲ್ಲಿ ಬಂದವು. ಯೋಗಾಸನ ಬೇರೆ, ಭಾರ ಎತ್ತುವುದು ಬೇರೆ ಎಂದು ಜನ ಜಗಳವಾಡುವಾಗ, ಅಯ್ಯರ್ ಎರಡನ್ನೂ ಒಂದೇ ಸೂರಿನಡಿ ತಂದರು. ಅವರ ಛಾಯಾಚಿತ್ರಗಳಲ್ಲಿ ಕಾಣುವುದು ಬಡಕಲು ದೇಹವಲ್ಲ: ಕೊಬ್ಬು ಕಡಿಮೆ, ಸ್ನಾಯು ಎದ್ದು ಕಾಣುವ ಮೈ. ತೆಳ್ಳಗಾಗುವುದು ಮತ್ತು ಗಟ್ಟಿಯಾಗುವುದು ಒಂದೇ ಅಲ್ಲ ಎಂಬುದಕ್ಕೆ ಆ ಚಿತ್ರಗಳೇ ಸಾಕ್ಷಿ.

ಈ ವ್ಯತ್ಯಾಸಕ್ಕೆ ಕಾರಣ ಇಂದು ನಮಗೆ ಇನ್ನಷ್ಟು ಸ್ಪಷ್ಟವಾಗಿ ತಿಳಿದಿದೆ. ಖರ್ಚಿಗಿಂತ ಕಡಿಮೆ ಕ್ಯಾಲೊರಿ ತಿಂದಾಗ ದೇಹ ಕೂಡಿಟ್ಟ ಕೊಬ್ಬನ್ನು ಬಳಸುತ್ತದೆ. ಜೊತೆಗೆ ಸ್ನಾಯುವಿನ ಪ್ರೋಟೀನನ್ನೂ ಒಡೆಯುತ್ತದೆ. ಸ್ನಾಯುವಿಗೆ ಕೆಲಸವಿದೆ ಎಂಬ ಸೂಚನೆ ಸಿಕ್ಕರೆ ದೇಹ ಅದನ್ನು ಹೆಚ್ಚಾಗಿ ಉಳಿಸಿಕೊಳ್ಳುತ್ತದೆ. ಆ ಸೂಚನೆ ಕೊಡುವುದು ಭಾರದ ವ್ಯಾಯಾಮ: ಡಂಬೆಲ್, ಬಸ್ಕಿ, ದಂಡ. ನಡಿಗೆ, ಚಾರಣ ಹೃದಯಕ್ಕೆ ಒಳ್ಳೆಯದು, ಕಾಲಿಗೂ ಒಳ್ಳೆಯದು. ಆದರೆ ತೋಳು, ಎದೆ, ಬೆನ್ನಿಗೆ ಅಷ್ಟೇ ಸಾಲದು.

ಎರಡನೆಯದು ಊಟ. ವಯಸ್ಕರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕೆಂಬುದು ಸಾಮಾನ್ಯ ಲೆಕ್ಕ. ವ್ಯಾಯಾಮ ಮಾಡುತ್ತ ತೂಕ ಇಳಿಸುವವರಿಗೆ 1.2ರಿಂದ 1.6 ಗ್ರಾಂ ನೆರವಾಗುತ್ತದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇದ್ದರೆ, ಅಷ್ಟೇ ಹಸಿ ಹುರುಳಿಯಲ್ಲಿ ಸುಮಾರು 22 ಗ್ರಾಂ ಇರುತ್ತದೆ. ಹಾಗಾಗಿ ಮುದ್ದೆ ಚಿಕ್ಕದಾಗಲಿ, ಸಾರಿನಲ್ಲಿ ಕಾಳು ಹೆಚ್ಚಲಿ. ಮೊಸರು, ಮೊಟ್ಟೆಯೂ ಇರಲಿ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಅಯ್ಯರ್ ಕಾಲದಿಂದಲೂ ಕೇಳಿಬರುವ ಎರಡು ನಂಬಿಕೆಗಳನ್ನು ಇಲ್ಲೇ ಬಿಡಿಸೋಣ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಕರಗುವುದಿಲ್ಲ. ಅದರಿಂದ ಅಲ್ಲಿನ ಸ್ನಾಯು ಬಲಗೊಳ್ಳುತ್ತದೆ. ಕೊಬ್ಬು ಇಳಿಯುವುದು ಇಡೀ ದೇಹದಿಂದ, ಎಲ್ಲಿ ಮೊದಲು ಎಂಬುದು ನಮ್ಮ ಕೈಯಲ್ಲಿಲ್ಲ. ಎರಡನೆಯದಾಗಿ, ಕೊಬ್ಬು ಸ್ನಾಯುವಾಗಿ ಬದಲಾಗುವುದಿಲ್ಲ, ಸ್ನಾಯು ಕೊಬ್ಬೂ ಆಗುವುದಿಲ್ಲ. ಅವು ಬೇರೆ ಬೇರೆ ಅಂಗಾಂಶಗಳು. ವ್ಯಾಯಾಮ ಬಿಟ್ಟವರಲ್ಲಿ ಒಂದು ಕುಗ್ಗಿ ಇನ್ನೊಂದು ಬೆಳೆಯುತ್ತದೆ, ಅಷ್ಟೇ.

ಅವಸರವೂ ಬೇಡ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸಾಕು. ಉಪವಾಸ ಬಿದ್ದು ಸರಸರನೆ ಇಳಿಸಿದರೆ ಸ್ನಾಯುವೂ ಹೆಚ್ಚು ಹೋಗುತ್ತದೆ. ವಯಸ್ಸಾದಂತೆ ಸ್ನಾಯು ತಾನಾಗಿಯೇ ಕುಗ್ಗುತ್ತದೆ. ಕುರ್ಚಿಯಿಂದ ಏಳಲು ಅಪ್ಪ ಕೈಯೂರುವುದು, ಬಚ್ಚಲಲ್ಲಿ ಅಜ್ಜಿ ಜಾರಿ ಬೀಳುವುದು, ಇದರ ಹಿಂದೆ ಹಲವು ಸಲ ಕಾಲಿನ ಬಲ ಕುಂದಿರುವುದೂ ಕಾರಣ. ಅಂಥ ವಯಸ್ಸಿನಲ್ಲಿ ಕಳೆದುಕೊಂಡದ್ದನ್ನು ಮರಳಿ ಪಡೆಯುವುದು ಸಾಧ್ಯ, ಆದರೆ ಸುಲಭವಲ್ಲ.

ಅಯ್ಯರ್ 1980ರ ಜನವರಿಯಲ್ಲಿ, 80 ದಾಟಿದ ಮೇಲೆ ತೀರಿಕೊಂಡರು. ಅವರ ದೀರ್ಘಾಯುಷ್ಯಕ್ಕೆ ವ್ಯಾಯಾಮವೇ ಕಾರಣ ಎಂದು ನಾವು ಹೇಳುವುದಿಲ್ಲ. ಒಬ್ಬರ ಬದುಕು ಪುರಾವೆಯಲ್ಲ. ಆದರೆ ಆಸನ, ನಮಸ್ಕಾರ, ಭಾರ ಮೂರನ್ನೂ ಕೂಡಿಸಿದ ಅವರ ದಾರಿಯನ್ನು ಇಂದಿನ ತಿಳಿವಳಿಕೆ ಬಹುಮಟ್ಟಿಗೆ ಒಪ್ಪುತ್ತದೆ. ಮಾಕಳಿದುರ್ಗವನ್ನು ಖಂಡಿತ ಹತ್ತಿ. ವಾರದಲ್ಲಿ ಎರಡು ದಿನ ಒಂದಿಷ್ಟು ಭಾರವನ್ನೂ ಎತ್ತಿ, ಇಳಿದು ಬಂದ ಮೇಲೆ ಕಾಳಿನ ಸಾರು ಹೊಟ್ಟೆತುಂಬ ಉಣ್ಣಿ.