ಆಲಿಸುತ್ತ ಬೆಳೆದ ಬದುಕು: ಪಂಡಿತ ಕುಮಾರ ಗಂಧರ್ವ

ಹಿಂದೂಸ್ತಾನಿ ಸಂಗೀತದ ಚರಿತ್ರೆಯಲ್ಲಿ ಧಾರವಾಡ–ಬೆಳಗಾವಿ ಸೀಮೆಗೆ ವಿಶಿಷ್ಟ ಸ್ಥಾನವಿದೆ. 1910ರಲ್ಲಿ ಜನಿಸಿದ ಮಲ್ಲಿಕಾರ್ಜುನ ಮನ್ಸೂರ, 1913ರಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್, 1922ರಲ್ಲಿ ಜನಿಸಿದ ಭೀಮಸೇನ ಜೋಶಿ ಇವರನ್ನು ಕನ್ನಡಿಗರು ಅಭಿಮಾನದಿಂದ ತಮ್ಮವರೆನ್ನುತ್ತಾರೆ. ಇದೇ ಸಾಲಿಗೆ ಸೇರಬೇಕಾದ ಕುಮಾರ ಗಂಧರ್ವರ ಹೆಸರನ್ನು ಹೇಳುವಾಗ ಮಾತ್ರ ನಮ್ಮ ದನಿ ತುಸು ತಗ್ಗುತ್ತದೆ. ಮನ್ಸೂರರು ಶಿವಶರಣರ ವಚನಗಳನ್ನು ಹಾಡಿ ಕನ್ನಡದ ಮನೆಮನೆಗೆ ಬಂದರು. ಕುಮಾರರಾದರೋ ಎಳವೆಯಲ್ಲಿಯೇ ಊರು ಬಿಟ್ಟು, ಮರಾಠಿ ಗುರುವಿನ ಆಶ್ರಯದಲ್ಲಿ ಬೆಳೆದು, ಹಿಂದಿ ನಾಡಿನಲ್ಲಿ ನೆಲೆಸಿ, ಕಬೀರನ ಗಾಯಕರೆಂದು ಪ್ರಸಿದ್ಧರಾದರು. ಗಡಿಯ ಜಿಲ್ಲೆಯೊಂದರಲ್ಲಿ ಕುಳಿತು ಕನ್ನಡ ಕಲಿಯುವ, ಕಲಿಸುವ ನಮಗೆ ಈ ಜೀವನವು ವಿಶೇಷವಾಗಿ ಮನನೀಯವಾದುದು. ಅದು ಕೊರಳಿನ ಕಥೆ ಎಂಬುದಕ್ಕಿಂತ ಹೆಚ್ಚಾಗಿ ಕಿವಿಯ ಕಥೆ.

ಬೆಳಗಾವಿ ಜಿಲ್ಲೆಯ ಸುಳೇಭಾವಿ ಎಂಬ ಗ್ರಾಮದಲ್ಲಿ 1924ರ ಏಪ್ರಿಲ್ 8ರಂದು ಲಿಂಗಾಯತ ಕುಟುಂಬವೊಂದರಲ್ಲಿ ಇವರು ಜನಿಸಿದರು. ತಂದೆ ತಾಯಿಗಳು ಇಟ್ಟ ಹೆಸರು ಶಿವಪುತ್ರ. ಪೂರ್ಣ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಆ ಕಾಲದಲ್ಲಿ ಬೆಳಗಾವಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮನೆಯ ಮಾತು ಕನ್ನಡವಾದರೂ ಪೇಟೆಯಲ್ಲಿ, ನಾಟಕದ ರಂಗದ ಮೇಲೆ, ಸಂಗೀತದ ಬೈಠಕಿನಲ್ಲಿ ಮರಾಠಿ ಸಹಜವಾಗಿ ಬೆರೆತಿತ್ತು. ಎರಡು ಭಾಷೆಗಳ ಶಾಲೆಯಲ್ಲಿ ಕಲಿತ ನನ್ನಂಥವರಿಗೆ ಆ ಬೆರಕೆಯ ಬದುಕು ವಿವರಿಸಬೇಕಾದ ಸಂಗತಿಯಾಗಿ ತೋರುವುದಿಲ್ಲ. ಕಾಸರಗೋಡಿನ ಓದುಗರಿಗೂ ಅದು ಅಪರಿಚಿತವಲ್ಲ.

ತಂದೆ ಸಿದ್ಧರಾಮಯ್ಯನವರಿಗೆ ಸಂಗೀತದಲ್ಲಿ ಅಪಾರ ಆಸಕ್ತಿ. ಮಗನಿಗೆ ಯಾರೂ ಕ್ರಮವಾಗಿ ಪಾಠ ಹೇಳಿರಲಿಲ್ಲ. ಆದರೆ ಗ್ರಾಮೋಫೋನ್ ತಟ್ಟೆಯಲ್ಲಿ ಕೇಳಿದ ಗಾಯನವನ್ನು ಆತ ಯಥಾವತ್ತಾಗಿ ಹಾಡತೊಡಗಿದನು. ಅಬ್ದುಲ್ ಕರೀಂ ಖಾನರ ಸ್ವರ, ಸವಾಯಿ ಗಂಧರ್ವರ ಆಲಾಪ, ಫೈಯಾಜ್ ಖಾನರ ಗಾಂಭೀರ್ಯ, ರಾಮಕೃಷ್ಣಬುವಾ ವಝೆಯವರ ಪೇಚು ಇವೆಲ್ಲ ಆ ಎಳೆಯ ಕೊರಳಿನಿಂದ ಹೊರಬಂದಾಗ ಕೇಳುಗರು ಬೆರಗಾದರು. ಈ ಬೆರಗಿನಿಂದಲೇ ಮಠಾಧಿಪತಿಗಳೊಬ್ಬರು ಬಾಲಕನಿಗೆ ‘ಕುಮಾರ ಗಂಧರ್ವ’ ಎಂಬ ಬಿರುದನ್ನು ನೀಡಿದರು. ಬಿರುದು ಮುಂದೆ ಹೆಸರೇ ಆಯಿತು. ಶಿವಪುತ್ರನೆಂಬ ಹೆಸರು ಮರೆಗೆ ಸರಿಯಿತು.

ಆಮೇಲಿನದು ತಿರುಗಾಟದ ಬಾಲ್ಯ. ತಂದೆಯೊಡನೆ ಊರಿಂದೂರಿಗೆ ಪ್ರಯಾಣ, ಸಭೆಯಿಂದ ಸಭೆಗೆ ಗಾಯನ, ಪದಕಗಳು, ಹೊಗಳಿಕೆಗಳು. ನಮ್ಮ ಕಡೆಯ ಯಕ್ಷಗಾನ ಮೇಳಗಳ ತಿರುಗಾಟವನ್ನು ಬಲ್ಲವರು ಇಂಥ ಬದುಕಿನ ಆಯಾಸವನ್ನು ಊಹಿಸಬಲ್ಲರು. ಮೇಳದಲ್ಲಿ ಬಾಲಗೋಪಾಲ ವೇಷದಿಂದ ಮೊದಲ್ಗೊಂಡು ಹುಡುಗರಿಗೆ ಹಂತಹಂತವಾಗಿ ಕಲಿಯುವ ಅವಕಾಶವಾದರೂ ಉಂಟು. ಈ ಬಾಲಕನಿಗೆ ಮೊದಲ ದಿನದಿಂದಲೇ ಪ್ರಧಾನ ವೇಷ. ಬಾಲಪ್ರತಿಭೆಯ ದುರಂತವಿರುವುದು ಇಲ್ಲಿಯೇ. ಕಂಠ ಒಡೆಯುವ ವಯಸ್ಸು ಬಂದಾಗ ಬೆರಗು ಮುಗಿಯುತ್ತದೆ, ಅನುಕರಣೆ ಮಾತ್ರ ಉಳಿಯುತ್ತದೆ. ಹೀಗೆ ಮಿಂಚಿ ಮರೆಯಾದ ಮಕ್ಕಳು ಎಲ್ಲ ಕಲೆಗಳಲ್ಲಿಯೂ ಇದ್ದಾರೆ.

ಇಂಥ ಗತಿಯಿಂದ ಕುಮಾರರನ್ನು ಉಳಿಸಿದವರು ಗುರು ಬಿ. ಆರ್. ದೇವಧರರು. 1936ರಲ್ಲಿ ಮುಂಬಯಿಯ ಜಿನ್ನಾ ಹಾಲ್‌ನಲ್ಲಿ ಜರುಗಿದ ಸಂಗೀತ ಪರಿಷತ್ತಿನಲ್ಲಿ ಬಾಲಕನ ಗಾಯನ ಘಟಾನುಘಟಿ ಉಸ್ತಾದರನ್ನೂ ಪಂಡಿತರನ್ನೂ ಚಕಿತಗೊಳಿಸಿತು. ಅದೇ ವರ್ಷ ತಂದೆಯು ಮಗನನ್ನು ದೇವಧರರಿಗೆ ಒಪ್ಪಿಸಿದರು. ಮುಂಬಯಿಯ ಆಪೆರಾ ಹೌಸ್ ಬಳಿಯಲ್ಲಿದ್ದ ದೇವಧರರ ಸಂಗೀತ ಶಾಲೆಯು ಅಂದಿನ ಕಾಲಕ್ಕೆ ಅಪೂರ್ವವಾದ ಸಂಸ್ಥೆ. ಮಿರಜಿನಲ್ಲಿ ಹುಟ್ಟಿದ ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದವರು. ಸ್ವಂತ ಘರಾಣೆಯ ಗೋಡೆಯೊಳಗೆ ಶಿಷ್ಯರನ್ನು ಕೂಡಿಹಾಕುವ ಪದ್ಧತಿ ಪ್ರಬಲವಾಗಿದ್ದ ದಿನಗಳಲ್ಲಿ ಅವರು ಬೇರೆ ಬೇರೆ ಘರಾಣೆಗಳ ಚೀಜುಗಳನ್ನು ಸಂಗ್ರಹಿಸಿದರು. ದೊಡ್ಡ ಕಲಾವಿದರನ್ನು ಶಾಲೆಗೆ ಬರಮಾಡಿಕೊಂಡರು. ಕೇಳಿದ್ದನ್ನು ಕ್ಷಣದಲ್ಲಿ ಒಪ್ಪಿಸುತ್ತಿದ್ದ ಹುಡುಗನು ಇಲ್ಲಿ ರಾಗದ ಲಕ್ಷಣವನ್ನು, ಬಂದಿಶಿನ ಅಂಗರಚನೆಯನ್ನು, ಒಂದು ಶೈಲಿ ಹೀಗೆಯೇ ಏಕಿದೆ ಎಂಬುದನ್ನು ವಿಚಾರಿಸಲು ಕಲಿತನು. ಅಂಜನೀಬಾಯಿ ಮಾಲಪೇಕರರಂಥ ಹಿರಿಯ ಗಾಯಕಿಯ ಮಾರ್ಗದರ್ಶನವೂ ದೊರೆಯಿತು. ಯೌವನಕ್ಕೆ ಕಾಲಿಡುವಷ್ಟರಲ್ಲಿ ಕುಮಾರ ಗಂಧರ್ವರು ದೇಶದ ಭರವಸೆಯ ಗಾಯಕರಲ್ಲಿ ಒಬ್ಬರಾಗಿದ್ದರು.

1947ರಲ್ಲಿ, ಅದೇ ಶಾಲೆಯಲ್ಲಿ ಸಂಗೀತ ಕಲಿಯುತ್ತಿದ್ದ ಭಾನುಮತಿ ಕಂಸರೊಡನೆ ವಿವಾಹವಾಯಿತು. ಮದುವೆಯ ಸಂಭ್ರಮ ಆರುವ ಮುನ್ನವೇ ಕ್ಷಯರೋಗ ಕಾಣಿಸಿಕೊಂಡಿತು. ಆ ಕಾಲದಲ್ಲಿ ಕ್ಷಯವೆಂದರೆ ಬಹುಮಟ್ಟಿಗೆ ಮರಣಶಾಸನ. ಗಾಯಕನಿಗಂತೂ ಶ್ವಾಸಕೋಶವೇ ಬಂಡವಾಳ. ಒಣಹವೆಯ ಊರಿನಲ್ಲಿ ವಾಸಿಸಬೇಕೆಂಬ ವೈದ್ಯರ ಸಲಹೆಯಂತೆ 1948ರಲ್ಲಿ ದಂಪತಿಗಳು ಮಾಳವ ಪ್ರದೇಶದ ದೇವಾಸಕ್ಕೆ ಬಂದರು. ಇಂದೋರಿಗೆ ಸಮೀಪದ ಈ ಪುಟ್ಟ ಊರು ಹಿಂದೆ ಎರಡು ರಾಜಮನೆತನಗಳಿಗೆ ಹಂಚಿಹೋಗಿದ್ದ ಸಂಸ್ಥಾನ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಕೆಲವು ಕಾಲ ಇಲ್ಲಿಯ ಹಿರಿಯ ಮನೆತನದ ಮಹಾರಾಜರ ಕಾರ್ಯದರ್ಶಿಯಾಗಿದ್ದನು. ಆಸ್ಥಾನ ಗಾಯಕರಾಗಿದ್ದ ರಜಬ್ ಅಲಿ ಖಾನರಿಂದಾಗಿ ಸಂಗೀತದ ಭೂಪಟದಲ್ಲಿಯೂ ಊರಿಗೆ ಹೆಸರಿತ್ತು.

ಹಾಡಲೇಕೂಡದೆಂದು ವೈದ್ಯರು ವಿಧಿಸಿದ್ದರು. ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹರೆಯ, ಕಂಠದಲ್ಲಿ ನೂರಾರು ಬಂದಿಶುಗಳು, ಬಾಯಿ ತೆರೆಯುವಂತಿಲ್ಲ. ಭಾನುಮತಿಯವರು ಶಾಲಾ ಅಧ್ಯಾಪಿಕೆಯಾಗಿ ದುಡಿದು ಸಂಸಾರವನ್ನು ನಿರ್ವಹಿಸಿದರು. ರೋಗಿಯ ಶುಶ್ರೂಷೆಯನ್ನೂ ಮಾಡಿದರು. ಕುಮಾರರ ಚರಿತ್ರೆಯಲ್ಲಿ ಈ ಮಹಿಳೆಯ ದುಡಿಮೆಗೆ ಸಲ್ಲಬೇಕಾದ ಪುಟಗಳು ಇನ್ನೂ ಹೆಚ್ಚು. ಸುಮಾರು ಆರು ವರ್ಷ ಈ ಮೌನ ಮುಂದುವರಿಯಿತು.

ಹಾಸಿಗೆಯಲ್ಲಿ ಮಲಗಿದವನಿಗೆ ಉಳಿದ ಕೆಲಸ ಆಲಿಸುವುದೊಂದೇ. ಕಿಟಕಿಯಾಚೆ ಮಾಳವದ ಬದುಕು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿತ್ತು. ಹೆಂಗಸರ ಮದುವೆಯ ಹಾಡು, ಹಬ್ಬದ ಹಾಡು, ಋತುವಿಗೊಂದು ಹಾಡು, ಭಿಕ್ಷೆಗೆ ಬಂದ ನಾಥಪಂಥದ ಜೋಗಿಗಳ ನಿರ್ಗುಣ ಭಜನೆ. ಬಾಲ್ಯದಲ್ಲಿ ಕೇಳಿದ ಧ್ವನಿಮುದ್ರಿಕೆಗಳು ಮಹಾಗಾಯಕರದಾಗಿದ್ದವು. ಕೇಳಿದೊಡನೆ ಕೊರಳು ಅವುಗಳನ್ನು ಮರಳಿ ನುಡಿಯುತ್ತಿತ್ತು. ಈಗ ಕೇಳುತ್ತಿದ್ದವು ಹೆಸರಿಲ್ಲದವರ ಹಾಡುಗಳು. ಮರಳಿ ನುಡಿಯುವ ದಾರಿಯೂ ಮುಚ್ಚಿತ್ತು. ಕೇಳಿದ್ದು ಒಳಗೇ ಉಳಿದು ಮಾಗಬೇಕಾಯಿತು. ಮೂರು ನಾಲ್ಕು ಸ್ವರಗಳ ಚಿಕ್ಕ ಧಾಟಿಯಲ್ಲಿ ಒಂದು ರಾಗದ ಬೀಜ ಅಡಗಿರುವುದನ್ನು ಕುಮಾರರು ಗುರುತಿಸಿದರು. ಆರೋಹಣ ಅವರೋಹಣಗಳ ಲೆಕ್ಕಾಚಾರದಿಂದ ರಾಗವನ್ನು ಕಟ್ಟಲಾಗದು, ಅದು ಜನಪದ ಧಾಟಿಯಿಂದ ಮೊಳೆಯುತ್ತದೆ ಎಂಬ ಅವರ ನಿಲುವು ರೂಪುಗೊಂಡುದು ಇಲ್ಲಿಯೇ. ಧಾಟಿಯಿಂದ ಉಗಮಿಸಿದ ಇಂಥ ರಾಗಗಳಿಗೆ ‘ಧುನ್ ಉಗಮ್’ ಎಂಬ ಹೆಸರು ರೂಢಿಗೆ ಬಂದಿತು. ಮಾಲವತಿ, ಸಂಜಾರಿ, ಲಗನ ಗಂಧಾರ, ಸಹೇಲಿ ತೋಡಿ, ಮಧಸೂರಜಾ ಮೊದಲಾದ ರಾಗಗಳು ಅವರಿಂದ ಹೀಗೆ ಬೆಳಕಿಗೆ ಬಂದವು.

ಸ್ಟ್ರೆಪ್ಟೋಮೈಸಿನ್ ಎಂಬ ಹೊಸ ಔಷಧಿ ಅವರ ಪಾಲಿಗೆ ಸಂಜೀವಿನಿಯಾಯಿತು. ಆದರೆ ಒಂದು ಶ್ವಾಸಕೋಶ ಬಹುಮಟ್ಟಿಗೆ ನಿರುಪಯುಕ್ತವಾಗಿತ್ತು. 1953ರಲ್ಲಿ ಮತ್ತೆ ವೇದಿಕೆಯೇರಿದ ಗಾಯಕನು ಹಳೆಯ ಕುಮಾರನಾಗಿರಲಿಲ್ಲ. ಚಿಕ್ಕ ಚಿಕ್ಕ ಸ್ವರವಾಕ್ಯಗಳು, ನಡುನಡುವೆ ಅರ್ಥಗರ್ಭಿತವಾದ ವಿರಾಮಗಳು, ಒಮ್ಮೆಲೆ ತಾರಸ್ಥಾಯಿಗೆ ಚಿಮ್ಮುವ ಸ್ವರ, ಮರುಕ್ಷಣವೇ ಪಿಸುದನಿ. ಹಾಡುವ ಮೊದಲು ತಂಬೂರಿಗಳನ್ನು ಶ್ರುತಿಗೊಳಿಸುವುದರಲ್ಲಿ ಅವರು ತೋರುತ್ತಿದ್ದ ತಾಳ್ಮೆ ಪ್ರಸಿದ್ಧವಾದುದು. ರಾಗಕ್ಕೆ ತಕ್ಕ ನಾದದ ಆವರಣ ಸಿದ್ಧವಾಗದೆ ಗಾಯನ ಆರಂಭವಾಗುತ್ತಿರಲಿಲ್ಲ. ಇದೂ ಆಲಿಸುವಿಕೆಯ ಇನ್ನೊಂದು ರೂಪ.

ಈ ಗಾಯನವನ್ನು ಎಲ್ಲರೂ ಒಪ್ಪಿದರೆಂದು ಹೇಳಲಾಗದು. ಘರಾಣೆಯ ಶಿಸ್ತನ್ನು ಮೆಚ್ಚುವ ವಿಮರ್ಶಕರು ವಿಲಂಬಿತ ಖ್ಯಾಲಿನಲ್ಲಿ ಕ್ರಮಕ್ರಮವಾಗಿ ನಡೆಯಬೇಕಾದ ವಿಸ್ತಾರ ಇಲ್ಲಿ ಸಾಲದೆಂದು ಆಕ್ಷೇಪಿಸಿದರು. ಉಸಿರಿನ ಕೊರತೆಯನ್ನೇ ಶೈಲಿಯೆಂದು ಕರೆಯಲಾಗಿದೆ ಎಂದವರೂ ಉಂಟು. ಆಕ್ಷೇಪದ ಮೊದಲ ಭಾಗದಲ್ಲಿ ಸತ್ಯಾಂಶವಿದೆ. ಭೀಮಸೇನ ಜೋಶಿಯವರಲ್ಲಿ ರಾಗವು ತುಂಗಭದ್ರೆಯಂತೆ ಪಾತ್ರ ಹಿಗ್ಗಿಸಿಕೊಂಡು ಹರಿಯುವ ಅನುಭವವನ್ನು ಕುಮಾರರಲ್ಲಿ ಅರಸಿದರೆ ನಿರಾಶೆಯೇ ಆದೀತು. ಎರಡನೆಯ ಭಾಗ ಮಾತ್ರ ನಿಲ್ಲುವುದಿಲ್ಲ. ಅವರ ಧ್ವನಿಮುದ್ರಿಕೆಗಳಲ್ಲಿರುವ ಮಿಂಚಿನ ವೇಗದ ತಾನುಗಳನ್ನು ಕೇಳಿದವರು ದೇಹದ ಅಶಕ್ತಿಯೊಂದೇ ಈ ಶೈಲಿಗೆ ಕಾರಣವೆಂದು ಹೇಳಲಾರರು. ರೋಗವು ಮಿತಿಯನ್ನು ವಿಧಿಸಿತು. ಆ ಮಿತಿಯೊಳಗೆ ಏನನ್ನು ಬಿಡಬೇಕು, ಏನನ್ನು ಇರಿಸಿಕೊಳ್ಳಬೇಕು ಎಂಬುದನ್ನು ನಿರ್ಣಯಿಸಿದುದು ಆರು ವರ್ಷಗಳ ಕಾಲ ಹದಗೊಂಡ ಕಿವಿ.

1961ರಲ್ಲಿ ಎರಡನೆಯ ಮಗನ ಜನನದ ವೇಳೆ ಭಾನುಮತಿಯವರು ತೀರಿಕೊಂಡರು. ಮರುವರ್ಷ, ದೇವಧರರ ಶಿಷ್ಯೆಯೇ ಆಗಿದ್ದ ವಸುಂಧರಾ ಶ್ರೀಖಂಡೆಯವರು ಬಾಳಸಂಗಾತಿಯಾಗಿ ಬಂದರು. ವೇದಿಕೆಯ ಮೇಲೆಯೂ ಸಹಗಾಯಕಿಯಾಗಿ ನಿಂತರು. ದೇವಾಸದ ಬೆಟ್ಟದ ಬುಡದಲ್ಲಿನ ಮನೆಗೆ ‘ಭಾನುಕುಲ’ ಎಂಬ ಹೆಸರೇ ಉಳಿಯಿತು. ಪತ್ರಕರ್ತ ರಾಹುಲ್ ಬಾರಪುತೆ, ಚಿತ್ರಕಾರ ವಿಷ್ಣು ಚಿಂಚಾಳಕರ, ಮರಾಠಿಯ ಪು. ಲ. ದೇಶಪಾಂಡೆ ಮೊದಲಾದ ಮಿತ್ರರ ಒಡನಾಟ ಕುಮಾರರಿಗಿತ್ತು. ರೋಗದಿಂದ ಚೇತರಿಸಿಕೊಂಡ ಬಳಿಕ ದೇಶದ ಎಲ್ಲೆಡೆಯಿಂದ ಆಹ್ವಾನಗಳು ಬಂದರೂ, ತಿರುಗಾಟ ಮುಗಿಸಿ ಮರಳುತ್ತಿದ್ದುದು ದೇವಾಸಕ್ಕೆ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ್ದರೆ ದೊರೆಯುತ್ತಿದ್ದ ಅನುಕೂಲಗಳನ್ನು ಅವರು ಬಯಸಲಿಲ್ಲ.

1965ರಲ್ಲಿ ಅವರ ಸ್ವರಚಿತ ಬಂದಿಶುಗಳ ಸಂಗ್ರಹ ‘ಅನೂಪ ರಾಗ ವಿಲಾಸ’ ಪ್ರಕಟವಾಯಿತು. ಗೀತವರ್ಷಾ, ಗೀತಹೇಮಂತ, ಗೀತವಸಂತಗಳೆಂಬ ಋತುಗಾಯನಗಳನ್ನೂ, ಕಬೀರ, ಸೂರದಾಸ, ಮೀರಾ ಈ ಮೂವರನ್ನು ಒಂದೆಡೆ ತಂದ ‘ತ್ರಿವೇಣಿ’ಯನ್ನೂ, ತುಕಾರಾಮನ ಅಭಂಗಗಳ ಗಾಯನವನ್ನೂ ಅವರು ರೂಪಿಸಿದರು. ಕಬೀರನನ್ನು ಅವರು ಮೊದಲು ಕಂಡುಕೊಂಡುದು ಜೋಗಿಗಳ ನಾಲಗೆಯಲ್ಲಿ. ಆದ್ದರಿಂದಲೇ ಆ ನಿರ್ಗುಣ ಭಜನೆಗಳಲ್ಲಿ ಭಕ್ತಿಯ ಮಾಧುರ್ಯಕ್ಕಿಂತ ಮಿಗಿಲಾಗಿ, ಬಯಲಿನಲ್ಲಿ ಒಬ್ಬಂಟಿಯಾಗಿ ನಿಂತವನ ನಿರ್ಭೀತಿ ಕೇಳಿಬರುತ್ತದೆ. ಗಾಂಧೀಜಿಯವರ ಜನ್ಮಶತಮಾನೋತ್ಸವದ ಸಂದರ್ಭದಲ್ಲಿ ರಚಿತವಾದ ‘ಗಾಂಧಿ ಮಲ್ಹಾರ’ ಕೂಡ ಸ್ಮರಣೀಯ. ಮಹಾತ್ಮರು ಬೆಳಗಾವಿಗೆ ಬಂದ ವರ್ಷವೇ ಆ ನೆಲದಲ್ಲಿ ಹುಟ್ಟಿದ ಮಗುವು ನಾಲ್ಕೂವರೆ ದಶಕಗಳ ಬಳಿಕ ಅವರಿಗೆ ಒಂದು ರಾಗವನ್ನು ಅರ್ಪಿಸಿತು.

ಇನ್ನೊಂದು ಗಾಯನಪ್ರಬಂಧದ ಹೆಸರಿನ ಬಗೆಗೆ ಎರಡು ಮಾತು ಅಗತ್ಯ. ಮರಾಠಿ ರಂಗಭೂಮಿಯ ಮಹಾನ್ ಗಾಯಕನಟ ಬಾಲಗಂಧರ್ವರ ನಾಟ್ಯಗೀತೆಗಳನ್ನು ಹಾಡಿದಾಗ ಕುಮಾರರು ಅದಕ್ಕೆ ‘ಮಲಾ ಉಮಜಲೇಲೆ ಬಾಲಗಂಧರ್ವ’ ಎಂಬ ಶೀರ್ಷಿಕೆ ಕೊಟ್ಟರು. ನನಗೆ ತಿಳಿದ ಬಾಲಗಂಧರ್ವ ಎಂದು ಅನುವಾದಿಸಿದರೆ ಅರ್ಧ ಅರ್ಥ ಸೋರಿಹೋಗುತ್ತದೆ. ಮರಾಠಿಯ ‘ಉಮಜಣೆ’ ಎಂಬ ಕ್ರಿಯಾಪದಕ್ಕೆ, ಪಾಠ ಕೇಳಿ ತಿಳಿದುಕೊಳ್ಳುವುದಕ್ಕಿಂತ ಭಿನ್ನವಾದ ಛಾಯೆಯಿದೆ. ಎಷ್ಟೋ ಕಾಲ ಮನಸ್ಸಿನಲ್ಲಿ ಇದ್ದದ್ದು ಒಂದು ದಿನ ಒಳಗಿನಿಂದ ಹೊಳೆಯುವುದು ‘ಉಮಜಣೆ’. ನಮ್ಮ ಶರಣರು ಅರಿವು ಎಂದಾಗ ಇದರ ಸಮೀಪಕ್ಕೆ ಬರುತ್ತಾರೆ. ಹತ್ತು ವರ್ಷದ ಬಾಲಕನಾಗಿ ಇತರರ ಕೊರಳನ್ನು ಯಥಾವತ್ತು ಒಪ್ಪಿಸಿದ ಗಾಯಕನು, ಪ್ರೌಢನಾಗಿ ಬಾಲಗಂಧರ್ವರನ್ನು ಅನುಕರಿಸಲು ನಿರಾಕರಿಸಿ, ತನಗೆ ಹೊಳೆದಂತೆ ಹಾಡಿದನು. ಈ ಎರಡು ಗಾಯನಗಳ ನಡುವಣ ದೂರವೇ ಕುಮಾರ ಗಂಧರ್ವರ ಸಾಧನೆಯ ಅಳತೆ. ಎಳೆತನದಲ್ಲಿ ಬಂದ ಬಿರುದಿಗೆ ಅವರು ನಿಜವಾಗಿ ಅರ್ಹರಾದುದು ಆಗ.

1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಗೌರವಗಳು ಸಂದವು. 1992ರ ಜನವರಿ 12ರಂದು ದೇವಾಸದಲ್ಲಿಯೇ ಕುಮಾರ ಗಂಧರ್ವರು ನಿಧನ ಹೊಂದಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಲ್ಲಿಕಾರ್ಜುನ ಮನ್ಸೂರರೂ ಅಗಲಿದರು. ಒಂದೇ ಸೀಮೆಯ ಎರಡು ದೀಪಗಳು ಒಂದೇ ವರ್ಷದಲ್ಲಿ ನಂದಿದವು.

ಹಾಗಾದರೆ ಕುಮಾರರು ಯಾರವರು? ಈ ಪ್ರಶ್ನೆಯನ್ನು ಕಾಸರಗೋಡಿನಲ್ಲಿ ಕೇಳಿದಾಗ ಅದಕ್ಕೆ ಬೇರೆಯೇ ತೂಕ ಬರುತ್ತದೆ. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ಈ ನೆಲದಲ್ಲಿ ಭಾಷೆಯೆಂದರೆ ಶಾಲೆಯ, ಉದ್ಯೋಗದ, ಅಸ್ತಿತ್ವದ ಪ್ರಶ್ನೆ. ಆ ಆತಂಕ ನ್ಯಾಯವಾದುದು. ಅದನ್ನು ಸಂಗೀತದ ಮಾತಿನಿಂದ ಮರೆಸಲಾಗದು. ಆದರೂ ಇದೇ ಜಿಲ್ಲೆಯ ಮಂಜೇಶ್ವರದಲ್ಲಿ, ಕೊಂಕಣಿ ಮನೆಮಾತಿನ ಗೋವಿಂದ ಪೈಗಳು ಹಲವು ಭಾಷೆಗಳನ್ನು ಕಲಿತು ಕನ್ನಡದ ರಾಷ್ಟ್ರಕವಿಯಾದರು. ಕನ್ನಡ ಮನೆಮಾತಿನ ಕುಮಾರರು ಮರಾಠಿಯಲ್ಲಿ ಕಲಿತು ಮಾಳವದ ಹಾಡಿಗೆ ಕೊರಳಾದರು. ಒಬ್ಬರು ನಮಗೆ ದೊರೆತ ಸಂಪತ್ತೆಂದೂ ಇನ್ನೊಬ್ಬರು ನಾವು ಕಳೆದುಕೊಂಡ ಸಂಪತ್ತೆಂದೂ ಲೆಕ್ಕವಿಡುವುದು ಉಚಿತವಲ್ಲ. ನೆರೆಯವನ ಮಾತನ್ನು ಕಿವಿಗೊಟ್ಟು ಕೇಳಿದವರಿಬ್ಬರೂ ಅದರಿಂದ ಬೆಳೆದರು.

ನಮ್ಮ ವಿಭಾಗದ ವಿದ್ಯಾರ್ಥಿಗಳ ಸುತ್ತ ಇಂದಿಗೂ ಪಾಡ್ದನಗಳಿವೆ, ನಾಟಿಗದ್ದೆಯ ಓಬೇಲೆ ಹಾಡುಗಳಿವೆ, ತೆಯ್ಯಂನ ತೋಟ್ಟಂಗಳಿವೆ, ಭಾಗವತಿಕೆಯ ಮಟ್ಟುಗಳಿವೆ. ಇವುಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಪ್ರಬಂಧಕ್ಕೆ ಸೇರಿಸುವುದು ಈಗ ಸುಲಭ. ಆ ಗ್ರಾಮೋಫೋನಿನ ಬಾಲಕನೂ ಅಷ್ಟನ್ನು ಬಲ್ಲವನಾಗಿದ್ದನು. ಮುದ್ರಿಸಿಕೊಂಡುದನ್ನು ಮತ್ತೆ ಮತ್ತೆ ಕೇಳಿ, ಹಾಡಿದ ಅಜ್ಜಿಯ ಬಳಿಗೆ ಇನ್ನೊಮ್ಮೆ ಹೋಗಿ ಕುಳಿತು, ಒಂದು ಸೊಲ್ಲು ಅಲ್ಲಿಯೇ ಏಕೆ ತಿರುಗಿತು ಎಂದು ಯೋಚಿಸುವುದಕ್ಕೆ ಕಾಲ ಬೇಕು. ದೇವಾಸದ ಹಾಸಿಗೆಯ ಮೇಲೆ ಕುಮಾರರಿಗೆ ಆ ಕಾಲವನ್ನು ರೋಗವು ಒದಗಿಸಿತು. ಆರೋಗ್ಯವಂತರಾದ ನಾವು ಅದನ್ನು ನಾವಾಗಿಯೇ ಮಾಡಿಕೊಳ್ಳಬೇಕಾಗಿದೆ.