ಕೆಸರುಗದ್ದೆಯಿಂದ ಮಕ್ಕಳ ಬಟ್ಟಲಿಗೆ: ಡಾ. ವಿ. ಸುಬ್ರಹ್ಮಣ್ಯನ್

1902ರಲ್ಲಿ ಹುಟ್ಟಿದ ಡಾ. ವಿ. ಸುಬ್ರಹ್ಮಣ್ಯನ್ ರಸಾಯನಶಾಸ್ತ್ರಜ್ಞರು. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಅವರು ಅಭ್ಯಾಸ ಮಾಡಿದ್ದು ನೀರು ನಿಂತ ಮಣ್ಣನ್ನು. ನಮ್ಮ ಬೈಲುಗದ್ದೆಗಳ ಕೆಸರಿನಂಥದ್ದನ್ನೇ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ 1943ರ ಬಂಗಾಳದ ಕ್ಷಾಮ ಬಂತು. ಲಕ್ಷಾಂತರ ಜನ ಸತ್ತರು. ಬೆಳೆದರಷ್ಟೇ ಸಾಲದು, ಬೆಳೆದದ್ದರ ಸತ್ವ ಬಡವರ ಹೊಟ್ಟೆ ಸೇರುವುದು ಹೇಗೆ ಎಂಬುದೇ ಅವರ ಕೆಲಸವಾಯಿತು.

1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾದಾಗ ಅವರೇ ಮೊದಲ ನಿರ್ದೇಶಕರು. ಎಣ್ಣೆ ತೆಗೆದ ನೆಲಗಡಲೆ ಹಿಂಡಿ ಆಗ ದನಗಳಿಗೂ ಗೊಬ್ಬರಕ್ಕೂ ಹೋಗುತ್ತಿತ್ತು. ಸಸಾರಜನಕ ಉಳಿಯುವುದು ಅದರಲ್ಲೇ! ಶುಚಿಯಾಗಿ ತಯಾರಿಸಿದ ಆ ಹಿಟ್ಟಿನ ಮೂರು ಪಾಲಿಗೆ ಒಂದು ಪಾಲು ಕಡಲೆಹಿಟ್ಟು, ಜೊತೆಗೆ ಜೀವಸತ್ವ, ಸುಣ್ಣದಂಶ ಸೇರಿಸಿ ‘ವಿವಿಧೋದ್ದೇಶ ಆಹಾರ’ ಮಾಡಿದರು. ಎಮ್ಮೆ ಹಾಲು ಕೂಸಿಗೆ ಆಗದು ಎಂಬ ನಂಬಿಕೆಯಿತ್ತು. ಅದರಿಂದಲೇ ಶಿಶು ಆಹಾರ ಮಾಡುವ ವಿಧಾನ ಅವರ ಕಾಲದಲ್ಲಿ ಮೈಸೂರಿನಲ್ಲಿ ಸಿದ್ಧವಾಗಿ ಆಣಂದದ ಅಮುಲ್‌ಗೆ ಹೋಯಿತು. ಪರದೇಶದ ಡಬ್ಬಿಗಳಿಗೆ ಕಾಯುವುದು ಕಡಿಮೆಯಾಯಿತು. 1960ರಲ್ಲಿ ಪದ್ಮಶ್ರೀ ಬಂತು.

ಮೈಸೂರು ಬಿಟ್ಟ ಮೇಲೆ ತಂಜಾವೂರಿನ ಭತ್ತ ಸಂಸ್ಕರಣ ಸಂಶೋಧನಾ ಕೇಂದ್ರದಲ್ಲಿ ದುಡಿದರು. ಭತ್ತ ಬೇಯಿಸುವಾಗ ತೌಡಿನ ಬಳಿಯ ಬಿ ಜೀವಸತ್ವ ಅಕ್ಕಿಯ ಒಳಕ್ಕೆ ಇಳಿಯುತ್ತದೆ. ಮಿಲ್ಲಿಗೆ ಹಾಕಿದರೂ ಅಷ್ಟು ನಷ್ಟವಿಲ್ಲ. ನಮ್ಮ ಅಜ್ಜಿಯಂದಿರ ಕುಚ್ಚಲಕ್ಕಿ ಗಂಜಿಗೆ ಬೇರೆ ಸರ್ಟಿಫಿಕೇಟು ಬೇಡ. ಆದರೂ ರೇಶನಿನಲ್ಲಿ ಕುಚ್ಚಲಕ್ಕಿ ಕೊಡಿ ಎಂದು ನಾವು ಕರಾವಳಿಯವರು ಕೇಳುತ್ತಲೇ ಬಂದಿದ್ದೇವೆ. ಸುಬ್ರಹ್ಮಣ್ಯನ್ 1979ರಲ್ಲಿ ತೀರಿಕೊಂಡರು.