ಗೋಡೆಯ ಮೇಲಿನ ಅರ್ಥಶಾಸ್ತ್ರಜ್ಞ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕಚೇರಿಗಳಲ್ಲಿ ಜರಿಪೇಟ ಧರಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಚೌಕಟ್ಟಿನ ಚಿತ್ರವನ್ನು ನಾನು ಕಂಡಿದ್ದೇನೆ. ಜನ ಅವರನ್ನು ಕನ್ನಂಬಾಡಿ ಕಟ್ಟಿದ ಎಂಜಿನಿಯರ್ ಎಂದು ಗೌರವಿಸುತ್ತಾರೆ. ಅರ್ಥಶಾಸ್ತ್ರ ಓದಿದ ನನಗೆ ಅವರು ಮುಖ್ಯವಾಗಿ ಅರ್ಥಚಿಂತಕರು.

ಮುದ್ದೇನಹಳ್ಳಿಯಲ್ಲಿ ಜನಿಸಿ, ಮುಂಬಯಿ ಪ್ರಾಂತ್ಯದಲ್ಲಿ ದುಡಿದ ಅವರು 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾದರು. 1911ರಲ್ಲಿ ಅವರ ಪ್ರೇರಣೆಯಿಂದ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಯಿತು. ಕೃಷಿ, ಶಿಕ್ಷಣ, ಕೈಗಾರಿಕೆಗಳ ಪ್ರಗತಿಯನ್ನು ಅಧಿಕಾರಿಗಳೂ ಪ್ರಜೆಗಳೂ ಕೂಡಿ ಚರ್ಚಿಸುವ ವೇದಿಕೆಯದು. 1912ರಲ್ಲಿ ದಿವಾನರಾದರು, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿದವು. ಹತ್ತು ವರ್ಷಗಳಲ್ಲಿ ರಾಷ್ಟ್ರೀಯ ವರಮಾನವನ್ನು ಇಮ್ಮಡಿಗೊಳಿಸುವ ಯೋಜನೆಯನ್ನು 1934ರ ತಮ್ಮ ಗ್ರಂಥದಲ್ಲಿ ಮುಂದಿಟ್ಟರು. ಯೋಜನಾ ಆಯೋಗ ಬಂದದ್ದು 1950ರಲ್ಲಿ.

ಆದರೆ ಉತ್ಪಾದನೆಯ ಲೆಕ್ಕ ಬರೆದಷ್ಟು ಶ್ರದ್ಧೆಯಿಂದ ಅವರು ಹಂಚಿಕೆಯ ಲೆಕ್ಕ ಬರೆಯಲಿಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ಸೇವೆಯಲ್ಲಿ ಹಿಂದುಳಿದವರ ಪ್ರಾತಿನಿಧ್ಯ ಕುರಿತು ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆಗೆ ಧಕ್ಕೆಯಾದೀತೆಂದು ಭಾವಿಸಿದ ದಿವಾನರು ಪದವಿ ತ್ಯಜಿಸಿದರು. ಅತ್ತ ಕನ್ನಂಬಾಡಿಯ ನೀರು ಗದ್ದೆಗಳನ್ನು ಹಸಿರಾಗಿಸಿದರೆ, ಹಿನ್ನೀರು ಹಲವು ಹಳ್ಳಿಗಳನ್ನು ನುಂಗಿತು.

ಉಳಿದ ಲೆಕ್ಕವನ್ನು ಕೈಗೆತ್ತಿಕೊಂಡವರಲ್ಲಿ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಪ್ರಮುಖರು: 1972ರ ಹಾವನೂರು ಆಯೋಗ, 1974ರ ಭೂಸುಧಾರಣಾ ತಿದ್ದುಪಡಿ ಅದರ ಫಲ.

1962ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ನಿಧನರಾದ ವಿಶ್ವೇಶ್ವರಯ್ಯನವರಿಗೆ ಪ್ರತಿ ಸೆಪ್ಟೆಂಬರ್ 15ರಂದು ಹಾರ ಹಾಕುತ್ತೇವೆ. ಅಂದು ಆಯಾ ತಾಲ್ಲೂಕಿನ ವರಮಾನವೆಷ್ಟು, ಅದು ಯಾರ ಕೈ ಸೇರಿತು ಎಂಬ ಎರಡೂ ಲೆಕ್ಕಗಳನ್ನು ಜನರ ಮುಂದಿಟ್ಟರೆ ಆ ಹಾರಕ್ಕೆ ಅರ್ಥ ಬಂದೀತು.